ಹಾಲಿಗೆ ಲೆಕ್ಕ ಉಂಟು, ತಾಯಿಯ ದುಡಿಮೆಗೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಗೋಷ್ಠಿಯಲ್ಲಿ ನಮ್ಮೂರಿನ ನಿವೃತ್ತ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹರೂಪ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



 ಕಾರ್ಯದರ್ಶಿಗಳು ಮನೆಗೆ ಬಂದು, "ಮೇಡಂ, ಸಹಕಾರ ಚಳವಳಿಯಲ್ಲಿ ಮಹಿಳೆಯರ ಪಾತ್ರ ಅಂತ ಮಾತಾಡಿ" ಎಂದರು. ಒಪ್ಪಿಕೊಂಡೆ. ಆಮೇಲೆ ಕೂತು ಯೋಚನೆ ಮಾಡಿದೆ. ಈ ವಿಷಯ ಮಾತಾಡಿದರೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಎದ್ದು ಮನೆಗೆ ಹೋಗುತ್ತಾರೆ, ಹೋದ ಮೇಲೆ ಗಂಡಸರು ಜಗಲಿ ಮೇಲೆ ಕೂರುತ್ತಾರೆ, ಹೆಂಗಸರು ಕೊಟ್ಟಿಗೆಗೆ ಹೋಗುತ್ತಾರೆ. ಅದಕ್ಕೇ ಇವತ್ತು ಸಂಘದ ಬಾಗಿಲಿಗಿಂತ ಒಂದು ಹೆಜ್ಜೆ ಹಿಂದೆ, ಅಂದರೆ ಮನೆಯ ಬಾಗಿಲ ಒಳಗಿನ ವಿಷಯ ಮಾತಾಡುತ್ತೇನೆ. ಅಧ್ಯಕ್ಷರು ಕ್ಷಮಿಸಬೇಕು. ನಮ್ಮ ಯಜಮಾನರೂ ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಅವರೂ ಕ್ಷಮಿಸಬೇಕು.

ಸಂಘ ಶುರುವಾದ 2000ನೇ ಇಸವಿ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕಟ್ಟಡ ಇರಲಿಲ್ಲ. ಶಾಲೆ ಪಕ್ಕದ ಜಗಲಿ ಮೇಲೆ ಎರಡು ಕ್ಯಾನು ಇಟ್ಟುಕೊಂಡು ಹಾಲು ತೆಗೆದುಕೊಳ್ಳುತ್ತಿದ್ದರು. ಅದಕ್ಕೆ ಮುಂಚೆ ಹಾಲು ಕೊಳ್ಳೋನು ಸೈಕಲ್ ಮೇಲೆ ಬರುತ್ತಿದ್ದ. ಅವನು ಅಳೆದದ್ದೇ ಅಳತೆ, ಕೊಟ್ಟದ್ದೇ ದುಡ್ಡು. ಸಂಘ ಬಂದ ಮೇಲೆ ಏನಾಯಿತು? ಹಾಲು ಅಳೆದರು, ಲ್ಯಾಕ್ಟೋಮೀಟರ್ ಇಳಿಬಿಟ್ಟರು, ಫ್ಯಾಟ್ ನೋಡಿದರು, ಪುಸ್ತಕದಲ್ಲಿ ಬರೆದರು. ಬಟವಾಡೆ ದಿನ ಬರೆದಷ್ಟಕ್ಕೆ ದುಡ್ಡು ಬಂತು. ಈಗ ಯಂತ್ರವೇ ಚೀಟಿ ಕೊಡುತ್ತದೆ, ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತದೆ.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದವರಾಗಲಿ, 1946ರಲ್ಲಿ ಗುಜರಾತಿನ ಆಣಂದದಲ್ಲಿ ಹಾಲಿನ ಸಂಘ ಕಟ್ಟಿದ ರೈತರಾಗಲಿ ನಮಗೆ ಕಲಿಸಿಕೊಟ್ಟದ್ದು ಒಂದೇ ಪಾಠ. ಲೆಕ್ಕಕ್ಕೆ ಸಿಗದ ದುಡಿಮೆಗೆ ಬೆಲೆ ಬರುವುದಿಲ್ಲ. ಬರೆದಿಟ್ಟರೆ ಬೆಲೆ ಬರುತ್ತದೆ, ಬೆಲೆ ಬಂದರೆ ಮರ್ಯಾದೆ ಬರುತ್ತದೆ. ಇದೇ ಪಾಠವನ್ನು ಒಂದು ಸಲ ಮನೆಯೊಳಕ್ಕೆ ತೆಗೆದುಕೊಂಡು ಹೋಗೋಣ. ಅರ್ಧ ಲೀಟರ್ ಹಾಲು ಕಡಿಮೆ ಬರೆದರೆ ಜಗಳಕ್ಕೆ ನಿಲ್ಲುವ ನಾವು, ಆ ಹಾಲು ಕರೆದ ಕೈ ಬೆಳಗಿನಿಂದ ರಾತ್ರಿವರೆಗೆ ಎಷ್ಟು ದುಡಿಯಿತು ಅಂತ ಯಾವತ್ತಾದರೂ ಎಲ್ಲಾದರೂ ಬರೆದಿದ್ದೇವೆಯೇ?

ಬೇರೆಯವರ ಮನೆ ಮಾತು ಬೇಡ. ನನ್ನ ಮನೆಯದೇ ಹೇಳುತ್ತೇನೆ.

ನಾನು 1983ರಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿಯಾಗಿ ಸೇರಿದೆ. ಶಾಲೆ ಒಂಬತ್ತು ಕಿಲೋಮೀಟರ್ ದೂರದ ಊರಲ್ಲಿ. ಬೆಳಿಗ್ಗೆ ಎಂಟೂವರೆಗೆ ಒಂದೇ ಬಸ್ಸು. ಆ ಬಸ್ಸು ಹಿಡಿಯೋಕೆ ನಾಲ್ಕೂವರೆಗೆ ಏಳುತ್ತಿದ್ದೆ. ಹಂಡೆ ಒಲೆಗೆ ಉರಿ ಹಾಕಿ, ಬಾಗಿಲಿಗೆ ನೀರು ಹಾಕಿ, ಕೊಟ್ಟಿಗೆ ಸಗಣಿ ಬಾಚಿ, ಹಾಲು ಕರೆದು, ಸಾರಿಗಿಟ್ಟು, ಮುದ್ದೆ ತಿರುವಿ, ಮಕ್ಕಳಿಬ್ಬರಿಗೂ ಸ್ನಾನ ಮಾಡಿಸಿ, ಮಗಳಿಗೆ ಜಡೆ ಹಾಕಿ, ಸೆರಗು ಸರಿ ಮಾಡಿಕೊಳ್ಳುತ್ತಾ ಬಸ್ಸಿಗೆ ಓಡುತ್ತಿದ್ದೆ. ಶಾಲೆ ತಲುಪಿದಾಗ ಸಹೋದ್ಯೋಗಿ ಮೇಷ್ಟ್ರು ಪೇಪರ್ ಓದುತ್ತಾ ಕೂತಿರುತ್ತಿದ್ದರು. ಅವರೂ ನನ್ನಷ್ಟೇ ಸಂಬಳದವರು, ನನ್ನ ಹಾಗೇ ಎರಡು ಮಕ್ಕಳ ತಂದೆ. "ಏನ್ ಮೇಡಂ, ಬೆಳಗ್ಗೇನೇ ಸುಸ್ತಾಗಿದ್ದೀರಿ" ಅನ್ನುತ್ತಿದ್ದರು. ಅವರ ದಿನ ಆಗ ಶುರುವಾಗುತ್ತಿತ್ತು, ನನ್ನದು ಆಗಲೇ ಅರ್ಧ ಮುಗಿದಿರುತ್ತಿತ್ತು. ಸಂಜೆ ಅವರು ಶಾಲೆ ಬಾಗಿಲು ಹಾಕಿದರೆ ಕೆಲಸ ಮುಗಿಯಿತು. ನಾನು ಇನ್ನೊಂದು ಬಾಗಿಲು ತೆಗೆಯಬೇಕಿತ್ತು.

1991ರ ಜನಗಣತಿಗೆ ನನ್ನನ್ನು ಹಾಕಿದ್ದರು. ಮನೆಮನೆಗೆ ಹೋಗಿ ಬರೆದುಕೊಳ್ಳಬೇಕು. ಒಬ್ಬಳು ಹೆಣ್ಣುಮಗಳು, ಸೊಂಟದ ಮೇಲೆ ಮಗು, ಕೈಯಲ್ಲಿ ಕುಡುಗೋಲು, ತಲೆ ಮೇಲೆ ಹುಲ್ಲಿನ ಹೊರೆ. "ಏನು ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದೆ. "ನಾನೇನು ಕೆಲ್ಸ ಮಾಡ್ತೀನಿ ಮಿಸ್ಸು, ಮನೇಲೇ ಇರ್ತೀನಿ" ಅಂದಳು. ಮನೆವಾರ್ತೆ ನೋಡಿಕೊಳ್ಳುವವರು "ಕೆಲಸ ಮಾಡದವರು" ಅನ್ನುವ ಗುಂಪಿಗೆ ಸೇರುತ್ತಿದ್ದರು. ಅವಳು ಹೇಳಿದಂತೆಯೇ ಬರೆದುಕೊಂಡು ಮುಂದಿನ ಮನೆಗೆ ಹೋದೆ. ಅವತ್ತೂ ನಾಲ್ಕೂವರೆಗೇ ಎದ್ದಿದ್ದ ನನಗೆ ಅದು ತಪ್ಪು ಅಂತ ಹೊಳೆಯಲೇ ಇಲ್ಲ. ಕಣ್ಣೆದುರಿಗಿದ್ದ ದುಡಿಮೆ ನನ್ನ ಕಣ್ಣಿಗೇ ಬೀಳಲಿಲ್ಲ ಅಂದಮೇಲೆ ಗಂಡಸರ ಕಣ್ಣಿಗೆ ಬೀಳಲಿಲ್ಲ ಅಂತ ಹೇಗೆ ದೂರಲಿ?

ಈಗ ಲೆಕ್ಕ ಹಾಕಿದ್ದಾರೆ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿಯವರು 2019ರಲ್ಲಿ ಒಂದು ಸಲ, 2024ರಲ್ಲಿ ಇನ್ನೊಂದು ಸಲ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿದರು. ನಿನ್ನೆ ಬೆಳಗಿನ ಜಾವ ನಾಲ್ಕು ಗಂಟೆಯಿಂದ ಇವತ್ತು ಬೆಳಗಿನ ಜಾವ ನಾಲ್ಕರವರೆಗೆ ಅರ್ಧರ್ಧ ಗಂಟೆಗೆ ಏನೇನು ಮಾಡಿದಿರಿ ಅಂತ ಕೇಳಿ ಬರೆದುಕೊಂಡರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ದಿನಕ್ಕೆ ಸರಾಸರಿ 2019ರಲ್ಲಿ 299 ನಿಮಿಷ, 2024ರಲ್ಲಿ 289 ನಿಮಿಷ ದುಡಿಯುತ್ತಿದ್ದಳು. ಹತ್ತಿರ ಹತ್ತಿರ ಐದು ಗಂಟೆ. ಮನೆಗೆಲಸ ಮಾಡುವ ಗಂಡಸು 2019ರಲ್ಲಿ 97 ನಿಮಿಷ, 2024ರಲ್ಲಿ 88 ನಿಮಿಷ. ಐದು ವರ್ಷದಲ್ಲಿ ಹೆಂಗಸಿಗೆ ಹತ್ತು ನಿಮಿಷ ಉಳಿಯಿತು, ಗಂಡಸೂ ಒಂಬತ್ತು ನಿಮಿಷ ಉಳಿಸಿಕೊಂಡ!

ಇನ್ನೊಂದು ಮಾತು ಗಮನಿಸಿ. ಈ 97 ನಿಮಿಷ ಮನೆಗೆಲಸಕ್ಕೆ ಕೈ ಹಾಕಿದ ಗಂಡಸರದು ಮಾತ್ರ. 2019ರಲ್ಲಿ ನೂರು ಹೆಂಗಸರಲ್ಲಿ 81 ಜನ ಮನೆಗೆಲಸ ಮಾಡಿದ್ದರೆ, ನೂರು ಗಂಡಸರಲ್ಲಿ ಮಾಡಿದವರು 26. ಮಿಕ್ಕ 74 ಜನ ಈ ಲೆಕ್ಕಕ್ಕೇ ಬರಲಿಲ್ಲ. ಮಕ್ಕಳನ್ನು, ಮುದುಕರನ್ನು ನೋಡಿಕೊಳ್ಳುವುದು ಬೇರೆ ಲೆಕ್ಕ. 2024ರಲ್ಲಿ 15ರಿಂದ 59 ವಯಸ್ಸಿನವರಲ್ಲಿ ಆ ಕೆಲಸ ಮಾಡುವ ಹೆಂಗಸು ದಿನಕ್ಕೆ 140 ನಿಮಿಷ ಕೊಟ್ಟರೆ, ಗಂಡಸು 74 ನಿಮಿಷ ಕೊಟ್ಟ.

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟು ರಸ್ತೆ ಅಪಘಾತದಲ್ಲಿ ತೀರಿಕೊಂಡ ದಂಪತಿಗಳ ಪರಿಹಾರದ ಒಂದು ಮೊಕದ್ದಮೆಯಲ್ಲಿ ಇದೇ 2019ರ ಅಂಕಿಗಳನ್ನು ಎತ್ತಿ ಹೇಳಿ, ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕು ಎಂದಿತು. ಒಳ್ಳೆಯದೇ ಆಯಿತು. ಆದರೆ ನೋಡಿ, ಹೆಂಗಸು ಸತ್ತ ಮೇಲೆ ಕೋರ್ಟು ಲೆಕ್ಕ ಹಾಕಿತು. ಬದುಕಿರುವಾಗ ಲೆಕ್ಕ ಹಾಕಬೇಕಾದವರು ನಾವು.

ಗಂಡಸರು ದುಡಿಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ಉಳುವುದು, ತ್ರೀಫೇಸ್ ಕರೆಂಟು ಬಂತು ಅಂತ ಸರಿರಾತ್ರಿಯಲ್ಲಿ ಎದ್ದು ಹಾವು ಹುಳಕ್ಕೆ ಹೆದರದೆ ನೀರು ಹಾಯಿಸುವುದು, ಸಾಲ ತೀರಿಸುವ ಚಿಂತೆ, ಎಲ್ಲವನ್ನೂ ಕಂಡಿದ್ದೇನೆ. ನಮ್ಮ ಯಜಮಾನರು ಮೈಗಳ್ಳರಲ್ಲ. ಕುಡಿದವರಲ್ಲ, ಕೈ ಎತ್ತಿದವರಲ್ಲ, ನನ್ನ ನೌಕರಿ ಬಿಡು ಅಂದವರಲ್ಲ. ಆದರೆ ಅವರ ದುಡಿಮೆಗೆ ಒಂದು ಕೊನೆ ಇದೆ. ಬಂದು ಕೈಕಾಲು ತೊಳೆದರೆ ಮುಂದೆ ತಟ್ಟೆ ಬರುತ್ತದೆ. ಹೊರಗೂ ದುಡಿದು ಬಂದ ತಾಯಿಯ ಮುಂದೆ ತಟ್ಟೆ ಬರುವುದಿಲ್ಲ, ತೊಳೆಯದ ಪಾತ್ರೆ ಇರುತ್ತವೆ.

ನಾನು ನೌಕರಿ ಮಾಡಿದೆ ಅಂತ ಊರು ನನ್ನನ್ನು ಹೊಗಳಿತು. ಆ ನೌಕರಿ ಉಳಿಸಿದವರು ನನ್ನ ಅತ್ತೆ. ಮಗ ಹುಟ್ಟಿದ್ದು 1988ರಲ್ಲಿ. ಮೂರು ತಿಂಗಳ ಹೆರಿಗೆ ರಜೆ ಮುಗಿಸಿ ಹಾಲು ಕುಡಿಯುವ ಕೂಸನ್ನು ಅತ್ತೆ ಮಡಿಲಿಗೆ ಹಾಕಿ ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿಯುತ್ತಿತ್ತು, ಕುಪ್ಪಸ ನೆನೆಯುತ್ತಿತ್ತು, ಮಕ್ಕಳಿಗೆ ಕಾಣದ ಹಾಗೆ ಸೆರಗು ಹೊದ್ದು ಮಗ್ಗಿ ಹೇಳಿಕೊಡುತ್ತಿದ್ದೆ. ಅತ್ತ ಅತ್ತೆಯವರು ಆ ವಯಸ್ಸಿನಲ್ಲಿ ಮಗು ತೊಟ್ಟಿಲು ತೂಗುತ್ತಾ ಹಸುವಿಗೆ ಕಲಗಚ್ಚು ಇಡುತ್ತಿದ್ದರು. ನನ್ನ ದುಡಿಮೆಗೆ ಸಂಬಳದ ಪಟ್ಟಿಯಲ್ಲಿ ಸಹಿ ಇತ್ತು. ಅವರ ದುಡಿಮೆಗೆ ಎಲ್ಲಿಯೂ ಸಹಿ ಇರಲಿಲ್ಲ. ಒಬ್ಬ ಹೆಣ್ಣು ಹೊರಗೆ ದುಡಿಯಬೇಕಾದರೆ ಆ ಭಾರ ಇನ್ನೊಬ್ಬ ಹೆಣ್ಣಿನ ಹೆಗಲಿಗೆ ಹೋಗುತ್ತದೆಯೇ ವಿನಾ ಗಂಡಸಿನ ಹೆಗಲಿಗೆ ಹೋಗುವುದಿಲ್ಲ.

2001ರಲ್ಲಿ ನನಗೆ ಬಡ್ತಿ ಪತ್ರ ಬಂತು. ಮುಖ್ಯೋಪಾಧ್ಯಾಯಿನಿ ಹುದ್ದೆ. ಊರು ಮೂವತ್ತೈದು ಕಿಲೋಮೀಟರ್ ದೂರ. ಅತ್ತೆ ಹಾಸಿಗೆ ಹಿಡಿದಿದ್ದರು, ಮಗ ಮಾಧ್ಯಮಿಕ ಶಾಲೆಯಲ್ಲಿದ್ದ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. "ನಿನ್ನಿಷ್ಟ" ಅಂದರು. ಆ "ನಿನ್ನಿಷ್ಟ" ಅನ್ನುವ ಮಾತಿನಲ್ಲಿ "ಬೆಳಿಗ್ಗೆ ಅಡಿಗೆ ನಾನು ನೋಡಿಕೊಳ್ತೀನಿ" ಅನ್ನುವ ಮಾತು ಇರಲಿಲ್ಲ. ಬಡ್ತಿ ಬೇಡವೆಂದು ನಾನೇ ನನ್ನ ಕೈಯಾರೆ ಬರೆದುಕೊಟ್ಟೆ. ಕಾರಣ ಅನ್ನುವ ಜಾಗದಲ್ಲಿ "ಕೌಟುಂಬಿಕ" ಎಂದು ಬರೆದೆ. ಆ ಒಂದು ಪದದ ಹಿಂದೆ ಎಷ್ಟು ತಾಯಂದಿರ ಬಡ್ತಿ, ಓದು, ಸಂಬಳ, ನಿದ್ದೆ ಹೂತುಹೋಗಿದೆಯೋ! ನಾನು ನಿವೃತ್ತಿಯಾಗುವವರೆಗೂ ಸಹ ಶಿಕ್ಷಕಿಯಾಗಿಯೇ ಉಳಿದೆ. ನನಗಿಂತ ಆರು ವರ್ಷ ಚಿಕ್ಕವರ ಕೈಕೆಳಗೆ ಕೆಲಸ ಮಾಡಿದೆ. ಅದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ಅದು ನನ್ನ "ಇಷ್ಟ" ಆಗಿರಲಿಲ್ಲ ಅಂತ ಇಪ್ಪತ್ತನಾಲ್ಕು ವರ್ಷದ ಮೇಲೆ ಇವತ್ತು ಇಲ್ಲಿ ನಿಂತು ಹೇಳುತ್ತಿದ್ದೇನೆ.

ಇನ್ನು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕಷ್ಟ ಪಟ್ಟವಳು ನಾನು, ಆದರೆ ಅದೇ ಕಷ್ಟವನ್ನು ಮಗಳ ಕೈಗೆ ದಾಟಿಸಿದವಳೂ ನಾನೇ. ಹತ್ತು ವರ್ಷಕ್ಕೇ ಅವಳು ಕಸ ಗುಡಿಸುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು. ಮಗನ ಕೈಗೆ ಪೊರಕೆ ಕೊಡಲಿಲ್ಲ. "ಗಂಡುಹುಡುಗ, ಓದಿಕೊಳ್ಳಲಿ ಬಿಡು" ಅಂತಿದ್ದೆ. ಗಂಡಸಿಗ್ಯಾಕೆ ಗೌರಿ ದುಃಖ ಅನ್ನುವ ಗಾದೆ ನನ್ನ ಬಾಯಲ್ಲೇ ಬರುತ್ತಿತ್ತು. ಮಗಳು ಮದುವೆಯಾಗಿ ಒಂದು ಮಗುವಿನ ತಾಯಿಯಾದ ಮೇಲೆ ಒಂದು ದಿನ ಹೇಳಿದಳು, "ಅಮ್ಮಾ, ನೀನು ಸ್ಕೂಲಲ್ಲಿ ಗಂಡು ಹೆಣ್ಣು ಸಮಾನ ಅಂತ ಪಾಠ ಮಾಡ್ತಿದ್ದೆ. ಮನೇಲಿ ತಮ್ಮ ಉಂಡ ತಟ್ಟೆ ನಾನೇ ತೊಳೀತಿದ್ದೆ." ಅವಳ ದನಿಯಲ್ಲಿ ಕೋಪ ಇರಲಿಲ್ಲ. ಕೋಪ ಇದ್ದಿದ್ದರೆ ನಾನೂ ಏನಾದರೂ ತಿರುಗಿ ಅನ್ನುತ್ತಿದ್ದೆ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮಗ ಈಗ ಬೆಂಗಳೂರಿನಲ್ಲಿದ್ದಾನೆ, ಸೊಸೆಯೂ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗು ಚಿಕ್ಕದಿದ್ದಾಗ ಹೋಗಿ ಮೂರು ತಿಂಗಳು ಇದ್ದೆ. ಇಬ್ಬರೂ ರಾತ್ರಿ ಎಂಟಕ್ಕೆ ಬರುತ್ತಿದ್ದರು. ಅವನು ಸೋಫಾ ಮೇಲೆ ಕೂತು ಮೊಬೈಲು ಹಿಡಿದರೆ ಅವಳು ಬ್ಯಾಗು ಇಡುತ್ತಿದ್ದಂತೆ ಅಡಿಗೆಮನೆಗೆ ನುಗ್ಗುತ್ತಿದ್ದಳು. ನನ್ನನ್ನೇ ನಾನು ನೋಡಿದ ಹಾಗಾಯಿತು. ಒಂದು ದಿನ ಮಗುವಿಗೆ ಜ್ವರ. ಸೊಸೆಯ ರಜೆ ಎಲ್ಲ ಮುಗಿದಿತ್ತು. "ಅಮ್ಮ ಇದ್ದಾಳಲ್ಲ" ಅಂದ ಮಗ. "ಇಲ್ಲಪ್ಪ, ಈ ಸಲ ನೀನು ರಜಾ ಹಾಕು" ಅಂದೆ. "ಆಫೀಸಲ್ಲಿ ಏನಂತ ಹೇಳ್ಲಮ್ಮ?" ಎಂದ. "ಮಗೂಗೆ ಜ್ವರ ಅಂತ ಹೇಳು. ಅವಳು ಇಷ್ಟು ದಿನ ಏನು ಹೇಳ್ತಿದ್ದಳೋ ಅದನ್ನೇ ಹೇಳು" ಎಂದೆ.

ರಜೆ ಹಾಕಿದ. ಡಾಕ್ಟರ ಹತ್ತಿರ ಹೋದ, ಔಷಧಿ ಕುಡಿಸಿದ, ಮಗು ಕಕ್ಕಿದ್ದನ್ನು ಒರೆಸಿದ, ಮತ್ತೆ ಕುಡಿಸಿದ, ಬಟ್ಟೆ ಬದಲಾಯಿಸಿದ, ಗಂಜಿ ಮಾಡಿದ. ನಾನು ಬೇಕೆಂದೇ ಕೈಕಟ್ಟಿ ಕೂತೆ. ಸಂಜೆ ಬಂದು, "ಅಮ್ಮಾ, ಬೆಳಗಿಂದ ಕೂತಿಲ್ಲ. ಆದ್ರೆ ಏನು ಮಾಡಿದೆ ಅಂತ ಕೇಳಿದ್ರೆ ಹೇಳೋಕೆ ಏನೂ ಇಲ್ಲ" ಅಂದ. ಅದನ್ನೇ ನಾವು ತಲೆತಲಾಂತರದಿಂದ ಕೇಳಿಸಿಕೊಂಡು ಬಂದಿದ್ದೇವಲ್ಲ, "ಮನೇಲಿ ಕೂತು ಏನು ಮಾಡ್ತೀಯ" ಅಂತ! ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಈಗಲೂ ಅವನು ವಾರದಲ್ಲಿ ಎರಡು ದಿನ ಅಡಿಗೆ ಮಾಡುತ್ತಾನೆ, ಐದು ದಿನ ಅವಳು. ಆದರೆ ಮಗುವಿನ ಚುಚ್ಚುಮದ್ದಿನ ದಿನ ಅವನಿಗೆ ಬಾಯಲ್ಲಿದೆ.

ಈ ನೆನಪಿಟ್ಟುಕೊಳ್ಳುವ ಕೆಲಸ ಇದೆಯಲ್ಲ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಗ್ಯಾಸ್ ಯಾವಾಗ ಮುಗಿಯುತ್ತೆ, ಮಗುವಿನ ಶಾಲೆ ಫೀಜು ಯಾವತ್ತು, ಮಾವನವರ ಬಿ.ಪಿ. ಮಾತ್ರೆ ಇನ್ನೆಷ್ಟಿದೆ, ಎಲ್ಲ ಅವಳ ತಲೆಯಲ್ಲೇ ಇರಬೇಕು. ನಿಮಗೆ ತಿಳಿಯುವ ಹಾಗೆ ಹೇಳುತ್ತೇನೆ. ಹಾಲಿನ ಕ್ಯಾನು ಹಿಡಿದು ಡೈರಿಗೆ ಬರುವವರು ಗಂಡಸರಿರಬಹುದು. ಹಸು ಬೆದೆಗೆ ಬಂದದ್ದನ್ನು, ಮೇವು ಬಿಟ್ಟದ್ದನ್ನು, ಕೆಚ್ಚಲು ಬಿಸಿಯಾದದ್ದನ್ನು ಮೊದಲು ಗುರುತಿಸುವವರು ಯಾರು? ನಿಜ ಹೇಳಿ. ಆ ತಿಳಿವಳಿಕೆ ಇಲ್ಲದೆ ಕ್ಯಾನಿನಲ್ಲಿ ಹಾಲು ಇರುತ್ತಿತ್ತೇ? ಆದರೂ ಪಾಸ್ ಪುಸ್ತಕ ತೆಗೆದರೆ ಹೆಸರು ಯಾರದು? ನಮ್ಮ ಮನೆಯಲ್ಲಿ ಕರೆದವರು ಅತ್ತೆ ಮತ್ತು ನಾನು, ಹೆಸರು ಯಜಮಾನರದು.

ನಮ್ಮೂರಿನ ಈಗಿನ ಹೆಣ್ಣುಮಕ್ಕಳ ಪಾಡು ನನಗಿಂತ ಹಗುರವಾಗಿಲ್ಲ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರನ್ನು ನೋಡಿ. ಬೆಳಿಗ್ಗೆ ಆರೂವರೆಗೆ ವ್ಯಾನು. ಅದಕ್ಕೆ ಮುಂಚೆ ಒಲೆ, ಕೊಟ್ಟಿಗೆ, ಮಗು ಮೂರೂ ಆಗಬೇಕು. ಇಡೀ ದಿನ ಮಿಷನ್ ಮುಂದೆ ಕೂತು ಟಾರ್ಗೆಟ್ ಮುಗಿಸಿ ಸಂಜೆ ಏಳಕ್ಕೆ ಇಳಿದರೆ ಮತ್ತೆ ಅದೇ ಮೂರು. ಗ್ಯಾಸ್ ಒಲೆ ಬಂತು, ಮಿಕ್ಸಿ ಬಂತು, ಹೊಗೆ ಕುಡಿಯುವುದು, ರುಬ್ಬುವುದು ತಪ್ಪಿತು. ಯಂತ್ರ ಕೆಲಸ ಕಡಿಮೆ ಮಾಡುತ್ತದೆ, ಕೆಲಸ ಹಂಚುವುದಿಲ್ಲ. ಸ್ವಿಚ್ಚು ಹಾಕುವವಳೂ ಅವಳೇ.

ಕಾನೂನು ಸ್ವಲ್ಪ ಮುಂದೆ ಬಂದಿದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರು ಇರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕೆಂದಾಯಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆ 180 ದಿನದ ರಜೆ ಕೊಟ್ಟಿತು. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆಯುವ ಯೋಜನೆ 2023ರಲ್ಲಿ ಬಂತು. ಇವೆಲ್ಲ ಬೇಕು. ಆದರೆ ಒಂದು ಗಮನಿಸಿ. ಕೇಂದ್ರ ಸರ್ಕಾರದ ನೌಕರಿಯಲ್ಲಿ ತಾಯಿಗೆ 180 ದಿನ ಹೆರಿಗೆ ರಜೆ, ತಂದೆಗೆ 15 ದಿನ. ಹೆರುವುದು ತಾಯಿಯೇ, ಒಪ್ಪೋಣ. ಹೆತ್ತ ಮೇಲೆ ಸಾಕುವುದೂ ತಾಯಿಯೇ ಅಂತ ಯಾವ ದೇವರು ಬರೆದ? ಸರ್ಕಾರ ಕಾನೂನು ಮಾಡಬಹುದು, ನಮ್ಮ ಮನೆಯ ಪಾತ್ರೆ ತೊಳೆಯಲು ಸರ್ಕಾರ ಬರುವುದಿಲ್ಲ.

"ನಾನೂ ಹೆಂಡತಿಗೆ ಸಹಾಯ ಮಾಡ್ತೀನಿ" ಎಂದು ಕೆಲವರು ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಸಹಾಯ ಅಂದರೇನು? ಕೆಲಸ ಅವಳದು, ಮನಸ್ಸಿದ್ದರೆ ನಾನು ಕೈ ಹಾಕುತ್ತೇನೆ ಅಂತ. ಇದು ಸಹಕಾರ ಸಂಘದ ವೇದಿಕೆ. ಸಹಾಯಕ್ಕೂ ಸಹಕಾರಕ್ಕೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಿಕೊಡಬೇಕೇ? ಸಹಾಯ ಮಾಡುವವನು ಬೇಸರ ಬಂದರೆ ಬಿಟ್ಟು ಹೋಗಬಹುದು. ಸಹಕಾರದಲ್ಲಿ ಪ್ರತಿಯೊಬ್ಬನಿಗೂ ಷೇರು ಇದೆ. ಲಾಭ ಬಂದರೆ ಪಾಲು, ಭಾರ ಬಂದರೂ ಪಾಲು. ಒಬ್ಬರಿಗಾಗಿ ಎಲ್ಲರು, ಎಲ್ಲರಿಗಾಗಿ ಒಬ್ಬರು ಅಂತ ಗೋಡೆ ಮೇಲೆ ಬರೆಸಿದ್ದೇವೆ. ಮನೆಯೊಳಗೆ ಮಾತ್ರ ಎಲ್ಲರಿಗಾಗಿ ಒಬ್ಬಳು ಅನ್ನುವ ಹಾಗಾಗಿದೆ.

ಭಾಷಣ ಮಾಡಿ ಸುಮ್ಮನೆ ಕೂರುವುದು ಬೇಡ ಅಂತ ನಾಲ್ಕು ಬೇಡಿಕೆ ತಂದಿದ್ದೇನೆ.

ಒಂದು, ಯಾರು ಹಸು ಸಾಕಿ ಹಾಲು ಕರೆಯುತ್ತಾರೋ ಅವರ ಹೆಸರಿಗೆ ಷೇರು ಮತ್ತು ಖಾತೆ ಬರಲಿ. ಬೈಲಾ ಪ್ರಕಾರ ಹೇಗೆ ವರ್ಗಾಯಿಸಬಹುದೆಂದು ಕಾರ್ಯದರ್ಶಿಗಳು ಮನೆಮನೆಗೆ ತಿಳಿಸಲಿ. ಹೊಸ ಸದಸ್ಯತ್ವ ಕೊಡುವಾಗ ಮೊದಲು ಹೆಣ್ಣುಮಕ್ಕಳನ್ನು ಕೇಳಲಿ.

ಎರಡು, ವಾರ್ಷಿಕ ಸಭೆಯ ಹೊತ್ತನ್ನು ಹೆಂಗಸರಿಗೆ ಒಲೆ, ಕೊಟ್ಟಿಗೆ ಬಿಡುವಾಗುವ ಹೊತ್ತಿಗೆ ಇಡಿ. ಅವತ್ತು ಮಕ್ಕಳನ್ನು ನೋಡಿಕೊಳ್ಳಲು ಶಾಲೆಯ ಒಂದು ಕೊಠಡಿ ತೆಗೆಯಿರಿ. ನೋಡಿಕೊಳ್ಳುವ ಸರದಿ ಗಂಡಸರಿಗಿರಲಿ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಮೀಸಲಾದ ಸ್ಥಾನದಲ್ಲಿರುವವರು ಬರೀ ಸಹಿ ಹಾಕಲು ಬರುವಂತಾಗಬಾರದು.

ಮೂರು, ಒಕ್ಕೂಟದ ತರಬೇತಿಗೆ ಹಸು ನೋಡಿಕೊಳ್ಳುವವರನ್ನೇ ಕಳಿಸಿ. ಆ ಎರಡು ದಿನ ಒಲೆ ಮುಂದೆ ಗಂಡಸರು ನಿಲ್ಲಲಿ. ಊರೇನೂ ಮುಳುಗುವುದಿಲ್ಲ.

ನಾಲ್ಕನೆಯದು ಮನೆಗೆ. ಗಂಡಸರು ಸಹಾಯ ಮಾಡುವುದು ಬೇಡ, ಒಂದೊಂದು ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಳ್ಳಲಿ. ಕೊಟ್ಟಿಗೆ ತೊಳೆಯುವುದೋ, ರಾತ್ರಿ ಪಾತ್ರೆಯೋ, ಮಕ್ಕಳ ಸ್ನಾನವೋ, ಯಾವುದಾದರೂ ಸರಿ. ಹೇಳಿಸಿಕೊಳ್ಳದೆ ಮಾಡಬೇಕು. ತಾಯಂದಿರೇ, ಅವರು ಮಾಡುವಾಗ "ನಿಮ್ಮ ಕೈಲಿ ಆಗಲ್ಲ ಬಿಡಿ" ಅಂತ ಕಸಿದುಕೊಳ್ಳಬೇಡಿ. ಮಗನ ಕೈಗೂ ಪೊರಕೆ ಕೊಡಿ. ನಾನು ಕೊಡಲಿಲ್ಲ, ಅದರ ಸಾಲವನ್ನು ನನ್ನ ಸೊಸೆ ತೀರಿಸುತ್ತಿದ್ದಾಳೆ.

ಈ ಭಾಷಣ ಬರೆಯುತ್ತಿದ್ದಾಗ ಯಜಮಾನರು ಬಂದು, "ಏನು ಅಷ್ಟೊಂದು ಬರೀತಿದ್ದೀಯ?" ಅಂದರು. ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಡ್ತಿ ವಿಷಯ ನಿನಗೆ ಇಷ್ಟು ನೋವಾಗಿತ್ತು ಅಂತ ಗೊತ್ತಿರಲಿಲ್ಲ ಕಣೆ" ಅಂದರು. ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ. ರಾತ್ರಿ ಉಂಡಾದ ಮೇಲೆ ನಲ್ಲಿ ಸದ್ದು ಕೇಳಿ ಹೋಗಿ ನೋಡಿದರೆ ತಮ್ಮ ತಟ್ಟೆ ತಾವೇ ತೊಳೆಯುತ್ತಿದ್ದರು. ಅಂಚಿನಲ್ಲಿ ಮುದ್ದೆ ಹಾಗೇ ಅಂಟಿಕೊಂಡಿತ್ತು. ನಾನು ನೋಡಿದೆ, ಸುಮ್ಮನೆ ಬಂದೆ. ನಾಳೆ ಇನ್ನಷ್ಟು ಚೆನ್ನಾಗಿ ತೊಳೆಯುತ್ತಾರೆ.

ನಮ್ಮ ಸಂಘ ಚಿನ್ನದ ಹಬ್ಬ ಆಚರಿಸುವಾಗ ನಾನು ಇರುತ್ತೇನೋ ಇಲ್ಲವೋ. ಆವತ್ತು ಸದಸ್ಯರ ಪಟ್ಟಿಯಲ್ಲಿ ಹಾಲು ಕರೆದವರ ಹೆಸರೇ ಇರಲಿ. ಹೆಂಗಸರು ಗಡಿಯಾರ ನೋಡಿಕೊಳ್ಳದೆ ಸಭೆಯಲ್ಲಿ ಕೊನೆವರೆಗೂ ಕೂತಿರಲಿ. ಸಂಘ ಹೀಗೇ ಬೆಳೆಯಲಿ, ಅದರ ಜೊತೆಗೆ ನಮ್ಮ ಮನೆಗಳೂ ಸಹಕಾರ ಸಂಘಗಳಾಗಲಿ ಎಂದು ಹಾರೈಸುತ್ತೇನೆ.